ಆಪಾಳ ಹಂಡೆಯ ನೀರು ಎಲ್ಲಿಗೆ ಹೋಯಿತು

ಗಟಾರ ಮುಚ್ಚುವ ಹಿಂದಿನ ದಿನ ನಮ್ಮ ಓಣಿಯಲ್ಲಿ ಹಳದಿ ನೀರು ಹರಿಯಿತು.

ಅಂದು ನಮಗೆ ನಳದ ನೀರಿನ ಪಾಳಿ. ನವಲಗುಂದದಲ್ಲಿ ನಳಕ್ಕೆ ದಿನವೂ ನೀರು ಬರುತ್ತಿರಲಿಲ್ಲ, ಒಂದೊಂದು ಓಣಿಗೆ ಒಂದೊಂದು ದಿನ. ನಮ್ಮ ಪಾಳಿ ವಾರಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡ. ನೀರು ಬಂದ ದಿನವೇ ನನ್ನ ಅಕ್ಕ ಜೈಬುನ್ನಿಸಾ ಜಮಖಾನದ ನೂಲಿಗೆ ಬಣ್ಣ ಹಾಕುತ್ತಿದ್ದಳು. ನಾನು ಅವಳನ್ನು ಆಪಾ ಎನ್ನುತ್ತಿದ್ದೆ, ಓಣಿಯವರು ಜೈಬೂ ಎನ್ನುತ್ತಿದ್ದರು. ಹಿತ್ತಲಿನ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಕುದಿಯುವ ಬಣ್ಣ, ಬಣ್ಣದೊಳಗೆ ಬಿದಿರಿನ ಕೋಲಿನಿಂದ ಇಳಿಬಿಟ್ಟ ನೂಲಿನ ಲಡಿಗಳು. ಬಣ್ಣ ಹಿಡಿದ ಲಡಿಗಳನ್ನು ಎತ್ತಿ ಹಗ್ಗಕ್ಕೆ ಹಾಕಿದ ಮೇಲೆ ಹಂಡೆಯಲ್ಲಿ ಉಳಿದ ನೀರನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ಅದು ಮನೆ ಮುಂದಿನ ಗಟಾರಕ್ಕೆ ಬಂದು, ಎದುರು ಮನೆಯ ಶಾಂತಕ್ಕನ ಕಟ್ಟೆಯ ಕೆಳಗೆ ಹಾದು, ಮಸೀದಿಯ ತಿರುವಿನಲ್ಲಿ ಮರೆಯಾಗುತ್ತಿತ್ತು. ನಮ್ಮ ಮಗ್ಗಕ್ಕೆ ಮುಂದೆ ಯಾವ ಬಣ್ಣದ ನೂಲು ಏರುತ್ತದೆ ಎಂದು ಓಣಿಯ ಮಂದಿಗೆ ಗಟಾರ ನೋಡಿದರೆ ಗೊತ್ತಾಗುತ್ತಿತ್ತು.

ಆ ದಿನ ಶಾಂತಕ್ಕ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಹಳದಿ ನೀರು ಕಾಲ ಕೆಳಗೆ ಹಾದದ್ದೇ ತಲೆಯೆತ್ತಿ ಕೂಗಿದಳು.

"ಏನಬೇ ಜೈಬೂ, ಗಟಾರಕ್ಕೆಲ್ಲಾ ಅರಿಷಿಣಾ ಹಚ್ಚಿ? ಯಾರ ಮದುವಿಬೇ?"

"ನಿಮ್ಮ ಎಮ್ಮೀದು ಶಾಂತಕ್ಕಾ. ನಿಮಗ ಹೇಳಿಲ್ಲೇನು ಅದು?"

ಇಷ್ಟೇ ನನಗೆ ನೆನಪಿರುವುದು. ಆ ದಿನಕ್ಕೆ ಬೇರೆ ಯಾವ ವಿಶೇಷವೂ ಇರಲಿಲ್ಲ. ನಾನು ಒಳಗೆ ಮಗ್ಗದ ಮುಂದೆ ಕೂತು ಕಬ್ಬಿಣದ ಹಲ್ಲಿನ ಪಂಜದಿಂದ ನೂಲು ಬಡಿಯುತ್ತಿದ್ದೆ. ನಾನು ಹಸೀನಾ, ಆಪಾಳಿಗಿಂತ ಒಂಬತ್ತು ವರ್ಷ ಚಿಕ್ಕವಳು. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ತಿರುಗಿ ಬಂದೆ. ಆಪಾಳ ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವಳು ಬಣ್ಣ ಹಾಕುವವಳು, ನಾನು ನೇಯುವವಳು. ಅವಳ ಮೊಣಕಾಲು ಮಗ್ಗದ ಮುಂದೆ ಕೂರಲು ಒಪ್ಪುತ್ತಿರಲಿಲ್ಲ. ಹಂಡೆಯ ಮುಂದೆ ಮಾತ್ರ ಇಡೀ ದಿನ ನಿಲ್ಲುತ್ತಿದ್ದಳು. ನಮ್ಮ ಮನೆಯ ಮಾತು ಉರ್ದು, ಆದರೆ ಕೆಲಸದ ಮಾತು ಬಂದರೆ ಆಪಾ ಕನ್ನಡಕ್ಕೆ ಹೊರಳುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಮರುದಿನ ಒಳಚರಂಡಿಯ ಕೆಲಸದವರು ನಮ್ಮ ಓಣಿಗೆ ಬಂದರು. ನೆಲದೊಳಗಿನ ಕೊಳವೆಯನ್ನು ಮೊದಲೇ ಹೂತಿದ್ದರು. ಈಗ ಮನೆಮನೆಯ ಬಚ್ಚಲನ್ನು ಅದಕ್ಕೆ ಜೋಡಿಸಿ, ಹಳೆಯ ಗಟಾರಕ್ಕೆ ಕಲ್ಲುಮಣ್ಣು ತುಂಬಿ, ನಮ್ಮ ಬಾಗಿಲ ಮುಂದೆ ಕಬ್ಬಿಣದ ಮುಚ್ಚಳದ ಛೇಂಬರ್ ಕೂರಿಸಿ ಹೋದರು. ಫಾಲ್ಗುಣ ಮುಗಿಯುತ್ತ ಬಂದಿತ್ತು, ಬಿಸಿಲು ಏರುತ್ತಿತ್ತು. ಸೊಳ್ಳೆ ಕಡಿಮೆಯಾದವೆಂದು ಎಲ್ಲರಿಗೂ ಸಂತೋಷವಾಯಿತು. ನಮಗೂ ಆಯಿತು.

ಮುಂದಿನ ಪಾಳಿಯಲ್ಲಿ ಆಪಾ ಕೆಂಪು ಹಾಕಿದಳು. ಉಳಿದ ನೀರನ್ನು ಬಚ್ಚಲಿಗೆ ಸುರಿದು, ರೂಢಿಯಂತೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು ನಿಂತಳು. ನೋಡಲು ಏನೂ ಇರಲಿಲ್ಲ. ಛೇಂಬರಿನ ಮುಚ್ಚಳದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕಿವಿ ಬಗ್ಗಿಸಿದಳು.

"ಏನ ಹುಡುಕಾಕತ್ತೀಬೇ?" ಎಂದಳು ಶಾಂತಕ್ಕ.

"ನೀರ ಕಳದೈತಿ ಶಾಂತಕ್ಕಾ. ಎಲ್ಲಿ ಹೋಗತೈತಿ ಇದು?"

"ಹೋದ ಕಡೆ ಹೋಗವಲ್ದ್ಯಾಕ. ನಿನಗೇನು, ತಿರುಗಿ ಬೇಕೇನು?"

ಆಪಾಳಿಗೆ ಐವತ್ತು ದಾಟಿತ್ತು. ಅಷ್ಟು ವರ್ಷ ಆ ನೀರು ಅವಳ ಕಣ್ಣೆದುರೇ ಹರಿದು ಹೋಗಿತ್ತು. ಮಸೀದಿಯ ತಿರುವಿನಾಚೆ ಅದು ಏನಾಗುತ್ತದೆ ಎಂದು ಅವಳು ಒಂದು ದಿನವೂ ಕೇಳಿದವಳಲ್ಲ. ಕಣ್ಣಿಗೆ ಕಾಣದಂತಾದ ಮೇಲೆ ಕೇಳಲು ಸುರುಮಾಡಿದಳು. ಊಟದ ಹೊತ್ತಿಗೂ ಅದೇ ಮಾತು. ಕೊಳವೆ ಎಷ್ಟು ಆಳದಲ್ಲಿದೆ, ಎಲ್ಲ ಓಣಿಯ ನೀರು ಒಂದೇ ಕಡೆ ಕೂಡುತ್ತದೆಯೇ, ಕೂಡಿದರೆ ಯಾವ ಬಣ್ಣ ಆಗುತ್ತದೆ. ನನಗೆ ಬೇಸರವಾಗುತ್ತಿತ್ತು. "ಆಪಾ, ರೊಟ್ಟಿ ತಿನ್ನು," ಎನ್ನುತ್ತಿದ್ದೆ.

ಅದಾಗಿ ಕೆಲವೇ ದಿನಗಳಲ್ಲಿ ಪುರಸಭೆಯಿಂದ ಒಂದು ಕಾಗದ ಬಂತು. ನಾನೇ ಓದಿ ಹೇಳಿದೆ. ಒಳಚರಂಡಿಗೆ ಏನೇನು ಬಿಡಬಾರದು ಎಂಬ ಪಟ್ಟಿ: ಅಡುಗೆ ಎಣ್ಣೆ, ಬಟ್ಟೆ ಚಿಂದಿ, ಪ್ಲಾಸ್ಟಿಕ್, ಸಗಣಿ, ಆಸಿಡ್, ಬಣ್ಣದ ನೀರು. ಕೊನೆಯದನ್ನು ಓದುವಾಗ ನನ್ನ ದನಿ ಇಳಿಯಿತು. ಆಪಾ "ಇನ್ನೊಮ್ಮೆ ಓದು" ಎಂದಳು. ಇನ್ನೊಮ್ಮೆ ಓದಿದರೂ ಅದೇ ಇತ್ತು.

ಮುಂದಿನ ಪಾಳಿಯ ದಿನ ಆರೋಗ್ಯ ನಿರೀಕ್ಷಕರು ಸ್ವತಃ ಬಂದು ನಮ್ಮ ಛೇಂಬರಿನ ಮುಚ್ಚಳ ಎತ್ತಿಸಿದರು. ಕಾಗದ ಬಂದ ಮೇಲೂ ಆಪಾ ಬೇರೆ ದಾರಿ ಕಾಣದೆ ಸುರಿದ ಕೆಂಪು ನೀರು ಒಳಗೆ ನಿಂತಿತ್ತು. ಅವರೇನೂ ಕೂಗಾಡಲಿಲ್ಲ.

"ನೋಡ್ರಿ ಅಮ್ಮಾರ, ಇದೊಮ್ಮೆ ಬಿಡತೀನಿ. ಇನ್ನೊಮ್ಮೆ ಇದರಾಗ ಬಣ್ಣಾ ಕಂಡ್ರ ನಿಮ್ಮ ಬಚ್ಚಲದ ಜೋಡಣಿ ಕಿತ್ತಸಬೇಕಾಗತೈತಿ. ಆಮ್ಯಾಲ ಒಲಿ ಹಚ್ಚೂದ ಬ್ಯಾಡ, ಹಂಡೆ ಇಳಿಸಿಬಿಡ್ರಿ."

ಬಣ್ಣ ಹಾಕಿದ ನೂಲು ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಅದನ್ನು ತಂದು ನೇಯುವವರು ಆಗಲೇ ಇದ್ದರು. ನಾನಾದರೆ ಹೇಗೋ ಒಗ್ಗಿಕೊಳ್ಳುತ್ತಿದ್ದೆ, ನನಗೆ ಮಗ್ಗ ಇತ್ತು. ಹಂಡೆ ಇಳಿಸಿದರೆ ಆಪಾಳಿಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಅವಳು ಎರಡು ದಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅಷ್ಟು ತಿಕ್ಕಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಮೂರನೆಯ ದಿನ ಅವಳಿಗೆ ಹೊಳೆಯಿತು. ಬಣ್ಣ ಹಾಕುವವರ ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಇದ್ದೇ ಇರುತ್ತದೆ. ಲಡಿಗೆ ಬಣ್ಣ ತಪ್ಪಿ ಬಿದ್ದರೆ, ಕಲೆ ಕಲೆಯಾಗಿ ಹಿಡಿದರೆ, ಅದನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಬಣ್ಣ ತೆಗೆದು ಮತ್ತೆ ಹೊಸದಾಗಿ ಹಾಕುತ್ತಾರೆ. ನೂಲಿನ ಬಣ್ಣ ತೆಗೆಯುವುದು ನೀರಿನ ಬಣ್ಣ ಯಾಕೆ ತೆಗೆಯಬಾರದು? ಮುಂದಿನ ಪಾಳಿಯಲ್ಲಿ ಹಂಡೆಯ ಕೆಂಪು ನೀರಿಗೆ ಪುಡಿಯನ್ನು ಬೊಗಸೆಬೊಗಸೆಯಾಗಿ ಹಾಕಿ ಕೋಲಿನಿಂದ ತಿರುವಿದಳು. ಕೆಂಪು ಗುಲಾಬಿಯಾಯಿತು, ಗುಲಾಬಿ ತಿಳಿ ಹಳದಿಯಾಯಿತು, ಆಮೇಲೆ ಅಕ್ಕಿ ತೊಳೆದ ನೀರಿನಂತೆ ಆಯಿತು. ಕಣ್ಣು ಉರಿಯುವ ವಾಸನೆ. ಆಪಾ ಮೂಗಿಗೆ ಸೆರಗು ಹಿಡಿದು ನಗುತ್ತಿದ್ದಳು.

"ನೋಡ ಹಸೀನಾ. ಈಗ ಬಾ ಅನ್ನು ಅವರನ್ನ."

ಅವರು ಬಂದರು, ಮುಚ್ಚಳ ಎತ್ತಿಸಿದರು, ಬಣ್ಣ ಕಾಣಲಿಲ್ಲ. "ಹಿಂಗಿರಬೇಕ ನೋಡ್ರಿ" ಎಂದು ಹೇಳಿ ಹೋದರು. ನಮ್ಮ ಓಣಿಯಲ್ಲೂ ನಮ್ಮ ದಿನವೇ ಪಾಳಿಯಿದ್ದ ಹಿಂದಿನ ಓಣಿಯಲ್ಲೂ ಬಣ್ಣ ಹಾಕುವ ಇನ್ನು ಐದಾರು ಮನೆಗಳಿದ್ದವು, ಅವರಿಗೂ ಅದೇ ಕಾಗದ ಬಂದಿತ್ತು. ಆಪಾ ಮನೆಮನೆಗೆ ಹೋಗಿ ಯಾವ ಬಣ್ಣಕ್ಕೆ ಎಷ್ಟು ಬೊಗಸೆ ಎಂದು ತಾನೇ ನಿಂತು ತೋರಿಸಿದಳು. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆಯಾಗಿತ್ತು. ಮೊಣಕಾಲು ನೋವೆಂದು ಅಂದದ್ದು ನೆನಪಿಲ್ಲ.

ಯುಗಾದಿ ಕಳೆದು ಐದಾರು ವಾರವಾಗಿರಬೇಕು. ಒಂದು ಮಧ್ಯಾಹ್ನ ಒಬ್ಬಾತ ಮೋಟರ್ ಸೈಕಲ್ ನಿಲ್ಲಿಸಿ, ಕೊಕ್ಕೆಯಿಂದ ನಮ್ಮ ಛೇಂಬರಿನ ಮುಚ್ಚಳ ಸರಿಸಿ, ಬಗ್ಗಿ ಮೂಸಿ ನೋಡುತ್ತಿದ್ದ. ಮೂವತ್ತು ಮೂವತ್ತೆರಡರ ಪ್ರಾಯ, ಹೆಗಲಿಗೆ ಚೀಲ, ಚೀಲದೊಳಗೆ ಟವೆಲ್ ಸುತ್ತಿದ ಉದ್ದನೆಯ ಗಾಜಿನ ಜಾಡಿ. ಆಪಾ ಬಾಗಿಲಿಗೆ ಬಂದಳು.

"ಅಕ್ಕಾರ, ನಿಮ್ಮ ಓಣಿಯೊಳಗ ಯಾರರ ದವಾಖಾನಿ ಇಟ್ಟಾರೇನ್ರಿ?" ಎಂದು ಕೇಳಿದ.

"ದವಾಖಾನಿ ಯಾಕೋ ತಮ್ಮಾ? ಏನ ಬ್ಯಾನಿ ಆಗೇತಿ ನಿನಗ?"

"ನನಗಲ್ಲರಿ, ನನ್ನ ಹುಳಕ್ಕ."

"ಹೊಟ್ಟ್ಯಾಗಿನ ಹುಳಾ?"

ಅವನು ನಕ್ಕ. ಹೆಸರು ಬಸವರಾಜ, ಊರು ಮೊರಬ. ಊರ ಹೊರಗೆ ಹೊಸದಾಗಿ ಕಟ್ಟಿದ ಶುದ್ಧೀಕರಣ ಘಟಕದಲ್ಲಿ ಗುತ್ತಿಗೆಯ ಮೇಲೆ ಕೆಲಸ. ಗಟಾರದ ನೀರನ್ನು ಚೊಕ್ಕ ಮಾಡುವುದು ಯಂತ್ರವಲ್ಲ, ನೀರೊಳಗಿನ ಹುಳ, ಕಣ್ಣಿಗೆ ಕಾಣುವುದಿಲ್ಲ, ಹೊಲಸನ್ನು ಅವು ತಿನ್ನುತ್ತವೆ ಎಂದು ಹೇಳಿದ. ದಿನಾ ಬೆಳಿಗ್ಗೆ ಒಂದು ಜಾಡಿ ನೀರು ತುಂಬಿ ಅರ್ಧ ತಾಸು ಇಡುತ್ತಾನಂತೆ. ಹುಳ ನೆಟ್ಟಗಿದ್ದರೆ ಕಂದು ರಾಡಿ ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಸತ್ತಿದ್ದರೆ ಎಲ್ಲ ಕದಡಿಕೊಂಡು ಹಾಗೇ ಇರುತ್ತದೆ. ತಿಂಗಳಿಂದ ವಾರಕ್ಕೊಂದು ದಿನ ಜಾಡಿ ಕೂರುವುದಿಲ್ಲ, ಈಗೀಗ ಬೇರೆ ದಿನವೂ ಕೂರುತ್ತಿಲ್ಲ.

"ಯಾವ ದಿನಾ ಕೆಡತೈತಿ ಅಂತ ಬರಕೊಂಡ್ನಿರಿ. ಆಮ್ಯಾಲ ನೀರ ಬಿಡಾವನ ಕಡೆ ಹೋಗಿ ಯಾವ ಓಣಿಗಿ ಯಾವತ್ತ ಪಾಳಿ ಅಂತ ಕೇಳಿದ್ನಿ. ನಿಮ್ಮ ಓಣಿ ಪಾಳಿ ಮರುದಿನಾನ ನನ್ನ ಹುಳಾ ಸಾಯತಾವ್ರಿ. ಅಲ್ಲಿಂದ ಒಂದೊಂದ ಮುಚ್ಚಳಾ ಎತ್ತಿ ಮೂಸಕೋತ ಬಂದೀನಿ. ದವಾಖಾನ್ಯಾಗ ನೆಲಾ ಒರಸತಾರಲ್ಲರಿ, ಆ ವಾಸನಿ ಐತಿ."

ಬ್ಲೀಚಿಂಗ್ ಪೌಡರಿನ ಚೀಲ ಬಾಗಿಲ ಹಿಂದೆಯೇ ಇತ್ತು. ಅವನು ನಿಂತಲ್ಲಿಂದ ಕಾಣುತ್ತಿರಲಿಲ್ಲ. ನಾನು ಆಪಾಳ ಮುಖ ನೋಡಿದೆ. ಇಲ್ಲಪ್ಪ, ನಮಗೇನೂ ಗೊತ್ತಿಲ್ಲ ಎಂದರೆ ಅವನು ಮುಂದಿನ ಮುಚ್ಚಳಕ್ಕೆ ಹೋಗುತ್ತಿದ್ದ.

"ಒಳಗ ಬಾ. ಚಾ ಕುಡಿ," ಎಂದಳು ಆಪಾ. "ದವಾಖಾನಿ ನಾನ ಇಟ್ಟೀನಿ."

ಅವನು ಚಹಾ ಕುಡಿಯುತ್ತ ಎಲ್ಲ ಕೇಳಿದ. ಸಿಟ್ಟಾಗಲಿಲ್ಲ, ತಲೆ ಕೆರೆದುಕೊಂಡ. ಆಗ ಊರಿನ ಅರ್ಧ ಮನೆಗಳೂ ಕೊಳವೆಗೆ ಜೋಡಣೆಯಾಗಿರಲಿಲ್ಲ, ಬರುವ ನೀರೇ ಕಡಿಮೆ, ಹುಳ ಇನ್ನೂ ಹೊಸವು. ಅಂಥದ್ದರಲ್ಲಿ ಐದಾರು ಮನೆಯ ಪುಡಿ ಒಂದೇ ದಿನ ಬಂದು ಬಿದ್ದರೆ ತಡೆಯುವುದಿಲ್ಲ ಎಂದ. ಆಪಾ ಅದನ್ನೆಲ್ಲ ಕೇಳಿ, ನಾನು ಅದನ್ನು ನೋಡಬೇಕು ಎಂದಳು.

"ಏನ್ ನೋಡತೀರಿ ಅಕ್ಕಾರ, ಹೊಲಸ ಐತ್ರಿ."

"ನಂದ ಹೊಲಸ ಅಲ್ಲೇನೋ ಅದು? ನಾ ನೋಡಬಾರದ?"

ಮರುದಿನ ಟಂಟಂ ಆಟೋ ಮಾಡಿಕೊಂಡು ಹೋದೆವು. ಬೆಣ್ಣಿಹಳ್ಳದ ಕಡೆಗೆ, ಹತ್ತಿ ಕಿತ್ತು ಬರಿದಾದ ಎರೆಹೊಲಗಳ ನಡುವೆ, ಸುತ್ತ ತಂತಿ ಹಾಕಿದ ಜಾಗ. ಮೂಗು ಮುಚ್ಚಿಕೊಳ್ಳಲು ನಾನು ಸೆರಗು ಕೈಯಲ್ಲಿ ಹಿಡಿದೇ ಇಳಿದೆ. ಅಂಥ ನಾತವೇನೂ ಇರಲಿಲ್ಲ. ದೊಡ್ಡ ತೊಟ್ಟಿಯಲ್ಲಿ ನೀರು ಅಡಿಯಿಂದ ಗುಳುಗುಳು ಎಂದು ಉಕ್ಕುತ್ತಿತ್ತು, ಸಾರು ಕುದಿಯುವ ಹಾಗೆ. ಬಸವರಾಜ ಜಾಡಿ ತುಂಬಿ ಗೋಡೆಯ ಮೇಲಿಟ್ಟ. ಬೂದಿ ಕಲಸಿದಂಥ ನೀರು, ಎಷ್ಟು ಹೊತ್ತಾದರೂ ಹಾಗೇ ಇತ್ತು. ಫೋನಿನಲ್ಲಿ ಎರಡು ತಿಂಗಳ ಹಿಂದಿನ ಜಾಡಿಯ ಚಿತ್ರ ತೋರಿಸಿದ. ಅದರಲ್ಲಿ ಕೆಳಗೆ ಹದವಾದ ಕಂದು, ಮೇಲೆ ಗಾಜಿನಂಥ ನೀರು.

ಆಪಾ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿರಲಿಲ್ಲ. ಇವು ಮೊದಲು ಎಲ್ಲಿಂದ ಬಂದವು?

"ಹುಬ್ಬಳ್ಳಿ ಕಡೆ ಇಂಥಾದ್ದ ಇನ್ನೊಂದ ಐತ್ರಿ. ಅಲ್ಲಿಂದ ಟ್ಯಾಂಕರದಾಗ ರಾಡಿ ತಂದ ಸುರವಿದ್ವಿ. ಮೊಸರಿಗಿ ಹೆಪ್ಪ ಹಾಕತೀರಲ್ಲರಿ, ಹಂಗ."

ಆಪಾ ಅದನ್ನು ಕೇಳಿ ತೊಟ್ಟಿಯ ಕಟ್ಟೆ ಹಿಡಿದು ನಕ್ಕಳು. "ಹೊಲಸಿಗೂ ಹೆಪ್ಪೇನೋ! ಹುಬ್ಬಳ್ಳಿಯಿಂದ!" ಆಮೇಲೆ ಮತ್ತೆ ಸುರುವಾಯಿತು. ಗಾಳಿ ಯಾಕೆ ಬಿಡುತ್ತೀರಿ? ಅವಕ್ಕೂ ಉಸಿರು ಬೇಕು, ಬಹಳ ಹೊತ್ತು ಕರೆಂಟು ಹೋದರೆ ಕಂಗಾಲಾಗುತ್ತವೆ. ಎಣ್ಣೆ ಯಾಕೆ ಬೇಡ? ಮೇಲೆ ಪದರ ಕಟ್ಟಿ ಉಸಿರು ನಿಲ್ಲಿಸುತ್ತದೆ. ಹಬ್ಬದ ದಿನ ಹೆಚ್ಚು ತಿನ್ನುತ್ತವೆಯೇ? ಹೋಳಿಗೆ ದಿನ ನೋಡಬೇಕು ಅಕ್ಕಾರ, ಎಂದ ಅವನು.

ಕೊನೆಗೆ ಕೇಳಿದಳು. "ಬಣ್ಣಾ ತಿಂತಾವೇನು?"

"ತಿನ್ನೂದಿಲ್ಲರಿ. ಬಣ್ಣಾ ಹಂಗ ಹಾದ ಹಳ್ಳಾ ಸೇರತೈತಿ. ಹಳ್ಳದ ನೀರ ಕೆಳಗಿನ ಮಂದಿ ಮೆಣಸಿನಗಿಡಕ್ಕ ಎತ್ತತಾರ. ಅದಕ್ಕ ಬಣ್ಣಾನೂ ಬ್ಯಾಡ, ನಿಮ್ಮ ಪುಡೀನೂ ಬ್ಯಾಡ."

ಆಪಾ ಆ ಬೂದಿ ಬಣ್ಣದ ಜಾಡಿಯನ್ನು ನೋಡುತ್ತ ನಿಂತಳು. "ನಾ ಚೊಕ್ಕ ಮಾಡೀನಿ ಅಂದಕೊಂಡಿದ್ನಲ್ಲೋ," ಎಂದಳು.

ಬಸವರಾಜ ಘಟಕದ ಬಾಗಿಲವರೆಗೆ ಬಂದು ಇದ್ದದ್ದನ್ನು ಹೇಳಿದ. ಸತ್ತ ಹುಳದ ಬದಲಿಗೆ ಮತ್ತೆ ಟ್ಯಾಂಕರ್ ಬರುತ್ತದೆ. ಹೆಪ್ಪು ಹಾಕಿದ ಮೇಲೆ ಎರಡು ಪಾಳಿ ಕಾಯುತ್ತೇನೆ, ಆಗಲೂ ಜಾಡಿ ಕೂರದಿದ್ದರೆ ಕಾರಣ ಬರೆದು ಕಳಿಸಬೇಕಾಗುತ್ತದೆ. ಬರೆದರೆ ಬಣ್ಣ ಹಾಕುವುದನ್ನೇ ಪೂರ್ತಿ ಬಂದ್ ಮಾಡಿಸುತ್ತಾರೆ, ನಿಮ್ಮೊಬ್ಬರದಲ್ಲ, ಎಲ್ಲರದೂ.

ತಿರುಗಿ ಬರುವಾಗ ಆಪಾ ನೇರ ಮನೆಗೆ ಬರಲಿಲ್ಲ. ಹಿಂದಿನ ಓಣಿಯ ತುದಿಯಲ್ಲೇ ಇಳಿದು, ತಾನು ಪುಡಿ ಹಾಕಲು ಕಲಿಸಿದ ಮನೆಗಳಿಗೆ ಒಂದೊಂದಾಗಿ ಹೋದಳು. ನಾನು ಹಿಂದೆ ಹಿಂದೆ ಹೋದೆ. ಎರಡು ಮನೆಯಲ್ಲಿ ತಲೆಯಾಡಿಸಿದರು. ಒಂದು ಮನೆಯಲ್ಲಿ ಒಬ್ಬಾಕೆ ಒದ್ದೆ ಲಡಿ ಹಿಂಡುತ್ತ ಕಣ್ಣೆತ್ತದೆ ಹೇಳಿದಳು:

"ಅಂದ ಹಾಕ ಅಂದಿ, ಇಂದ ಬ್ಯಾಡ ಅಂತಿ. ನಿನ್ನ ಮಾತಿಗೆ ಬಣ್ಣಾನ ನಿಲ್ಲೂದಿಲ್ಲ ಬಿಡು ಜೈಬೂ."

ಬಣ್ಣ ಹಾಕುವವಳಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ಆಪಾ ಅದನ್ನು ಕೇಳಿಸಿಕೊಂಡು, "ಹೌದು, ತಪ್ಪ ನಂದ. ಈ ಪಾಳಿ ಯಾರೂ ಒಲಿ ಹಚ್ಚಬ್ಯಾಡ್ರಿ. ನಾ ಏನರ ನೋಡತೀನಿ," ಎಂದಳು. ಅವಳು ಏನು ನೋಡುತ್ತಾಳೆ ಎಂದು ನನಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ.

ಆ ವಾರ ಅವಳು ಹಂಡೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಒಂದು ಸಲ ಬಣ್ಣ ಹಾಕುವ ದಿನ ಎಷ್ಟು ಹಂಡೆ ನೀರು ಚೆಲ್ಲುತ್ತೇವೆ ಎಂದು ಬೆರಳು ಮಡಿಸಿ ಎಣಿಸಿದಳು. ಹಳದಿಗೆ ಒಂದು, ಕೆಂಪಿಗೆ ಒಂದು, ಕರಿಗೆ ಒಂದು, ಮೇಲೆ ತೊಳೆಯುವ ನೀರು. ಬಣ್ಣ ಬಣ್ಣಕ್ಕೆ ಹೊಸ ನೀರು ತುಂಬುವುದು ನಮ್ಮಲ್ಲಿ ಮೊದಲಿಂದ ನಡೆದು ಬಂದದ್ದು. ಹಳೆಯ ನೀರಿನ ಮೇಲೆ ಹಾಕಿದರೆ ಬಣ್ಣ ಕೊಳಕಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಆಪಾ ಅದನ್ನೇ ಮುರಿದಳು. ಮೊದಲು ತಿಳಿ ಹಳದಿ, ಅದೇ ನೀರಿಗೆ ಇನ್ನಷ್ಟು ಬಣ್ಣ ಸೇರಿಸಿ ಗಾಢ ಹಳದಿ, ಹಳದಿ ತೆಳುವಾದ ಮೇಲೆ ಅದರಲ್ಲೇ ಕೆಂಪು, ಕೊನೆಗೆ ಅದರಲ್ಲೇ ಅಂಚಿನ ಕರಿ. ಎಲ್ಲದಕ್ಕೂ ಒಂದೇ ಹಂಡೆ ನೀರು. ತೊಳೆದ ನೀರನ್ನು ಚೆಲ್ಲದೆ ಡ್ರಮ್ಮಿನಲ್ಲಿ ತುಂಬಿಟ್ಟರೆ ಅದು ಮುಂದಿನ ಪಾಳಿಯ ಹಂಡೆಗೆ. ನೀಲಿಗೆ ಮಾತ್ರ ಬೇರೆ ಸಣ್ಣ ಪಾತ್ರೆ.

ಉಳಿದ ಆ ಒಂದು ಹಂಡೆ ಕರಿನೀರಿಗೆ ಏನು ಮಾಡುವುದು? ಅದಕ್ಕೆ ಅವಳು ಮಾಳಿಗೆ ತೋರಿಸಿದಳು. ನಮ್ಮೂರ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಒಂದು ದಿನಕ್ಕೆ ಒಣಗುತ್ತದೆ. ಹಳೆಯ ಡ್ರಮ್ಮುಗಳನ್ನು ಸೀಳಿಸಿ, ತಟ್ಟಿಸಿ, ಅಂಚು ಮಡಿಸಿ ಎರಡು ಅಗಲವಾದ ತಗಡು ಮಾಡಿಸಿದಳು. ಕರಿನೀರನ್ನು ಬಕೆಟ್ಟಿನಲ್ಲಿ ಏಣಿ ಹತ್ತಿಸಿ ಅದರಲ್ಲಿ ತೆಳುವಾಗಿ ಹಾಕಿದೆವು. ಮೂರು ದಿನಕ್ಕೆ ನೀರು ಆರಿ, ಕೆಳಗೆ ಉಪ್ಪಿನಂಥ ಕರಿ ಹೆಕ್ಕಳ ಉಳಿಯಿತು. ಅದನ್ನು ಕೆರೆದು ಚೀಲದಲ್ಲಿ ಕಟ್ಟಿಟ್ಟೆವು. ಬಚ್ಚಲಿಗೆ ಒಂದು ತಂಬಿಗೆ ಬಣ್ಣವೂ ಹೋಗಲಿಲ್ಲ.

ಅಷ್ಟರಲ್ಲಿ ಟ್ಯಾಂಕರ್ ಬಂದು ಘಟಕಕ್ಕೆ ಹೊಸ ಹೆಪ್ಪು ಬಿದ್ದಿತ್ತು. ಅದಾದ ಮೇಲಿನ ಎರಡನೆಯ ಪಾಳಿಯಲ್ಲಿ ಉಳಿದ ಮನೆಯವರೂ ಹೀಗೇ ಮಾಡಿದರು. ಬಣ್ಣ ನಿಲ್ಲೂದಿಲ್ಲ ಎಂದ ಹಿಂದಿನ ಓಣಿಯಾಕೆಯೂ ಮಾಡಿದಳು, ಆದರೆ ಆಪಾಳನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

ಮರುದಿನ ಬೆಳಿಗ್ಗೆ ಬಸವರಾಜ ಬಂದ. ಘಟಕದಿಂದ ಒಂದು ಕ್ಯಾನಿನಲ್ಲಿ ನೀರು ತಂದಿದ್ದ. ನಮ್ಮ ಬಾಗಿಲ ಕಟ್ಟೆಯ ಮೇಲೆ ಜಾಡಿ ಇಟ್ಟು, ಕ್ಯಾನು ಕುಲುಕಿ ತುಂಬಿದ. ಅಲ್ಲೇ ನೋಡಿ ಬಂದು ಹೇಳಬಹುದಿತ್ತು, ಆದರೆ ಆಪಾ ಹುಳ ಕೂರುವುದನ್ನು ಒಮ್ಮೆ ತಾನೇ ನೋಡಬೇಕು ಎಂದಿದ್ದಳಂತೆ. ಶಾಂತಕ್ಕ ಎದುರಿನಿಂದ ಎದ್ದು ಬಂದಳು.

"ಏನಪಾ ಇದು, ಚಾ?"

"ಕುಡೀತೀರೇನ್ರಿ?"

"ನೀ ಮೊದಲ ಕುಡಿ."

ಎಲ್ಲರೂ ಜಾಡಿಯ ಸುತ್ತ ಕೂತೆವು. ಮೊದಲು ಇಡೀ ಜಾಡಿ ಕಂದು. ಸ್ವಲ್ಪ ಹೊತ್ತಿಗೆ ಹತ್ತಿಯ ಎಳೆಯಂಥ ಸಣ್ಣ ಸಣ್ಣ ಚೂರುಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿದವು. ಬಾಯಿಯ ಹತ್ತಿರ ಒಂದು ಬೆರಳಿನಷ್ಟು ನೀರು ತಿಳಿಯಾಯಿತು. ಕಂದು ಪದರದ ಅಂಚು ಮೆಲ್ಲಗೆ ಇಳಿಯಿತು, ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ, ಬೇರೆ ಕಡೆ ನೋಡಿ ತಿರುಗಿದರೆ ಇಳಿದಿರುತ್ತದೆ. ಆಪಾ ಬೇರೆ ಕಡೆ ನೋಡಲೇ ಇಲ್ಲ. ಅರ್ಧ ತಾಸಿಗೆ ಜಾಡಿಯ ಮೇಲಿನ ಅರ್ಧದ ಮೂಲಕ ಎದುರು ಮನೆಯ ಕಟ್ಟೆ ನೆಟ್ಟಗೆ ಕಂಡಿತು.

"ಕೂತಾವ್ರಿ," ಎಂದ ಬಸವರಾಜ.

ಆಪಾ ಜಾಡಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಅವನು ಆದದ್ದನ್ನು ಆದ ಹಾಗೇ ನಿರೀಕ್ಷಕರಿಗೆ ಹೇಳಿದ. ಅವರು ಬಂದು ಏಣಿ ಹತ್ತಿ ತಗಡು ನೋಡಿದರು, ಹೆಕ್ಕಳದ ಚೀಲವನ್ನು ಪ್ರತ್ಯೇಕ ಒಯ್ಯಲು ವ್ಯವಸ್ಥೆ ಮಾಡುತ್ತೇವೆ ಎಂದರು, ಬಣ್ಣ ಹಾಕಲು ಅಡ್ಡಿಯಿಲ್ಲ ಎಂದರು. ಇಳಿಯುವಾಗ ಮಾತ್ರ ಕೇಳಿದರು: "ಮಳಿಗಾಲದಾಗ ಏನ ಮಾಡತೀರಿ?"

ಉತ್ತರ ಕೇಳಿಕೊಂಡೇ ಮಳೆ ಬಂತು. ಮುಂಗಾರಿಗೂ ಮೊದಲಿನ ಅಡ್ಡಮಳೆ, ಮಧ್ಯಾಹ್ನ ಮೂರರ ಹೊತ್ತಿಗೆ ಧೂಳೆದ್ದು ಕತ್ತಲಾಗಿ ಒಮ್ಮೆಲೇ ಸುರಿಯಿತು. ತಗಡಿನಲ್ಲಿ ಹಿಂದಿನ ದಿನದ ಕರಿನೀರಿತ್ತು. ನಾನು ಪಂಜ ಬಿಸಾಕಿ ಓಡಿದೆ, ಆಪಾ ನನಗಿಂತ ಮೊದಲೇ ಏಣಿಯ ಮೇಲಿದ್ದಳು. ತಂಬಿಗೆಯಿಂದ ಮೊಗೆದು ಮೊಗೆದು ಬಕೆಟ್ಟಿಗೆ ಹಾಕಿ ಕೆಳಗೆ ಇಳಿಸಿದೆವು. ನೆತ್ತಿಯಿಂದ ಹಿಮ್ಮಡಿಯವರೆಗೆ ಇಬ್ಬರೂ ಕರಿಬಣ್ಣ. ಒಂದಷ್ಟು ನೀರು ಅಂಚು ಮೀರಿ ಸುಣ್ಣದ ಗೋಡೆಯ ಮೇಲೆ ಇಳಿಯಿತು. ಶಾಂತಕ್ಕ ಬಾಗಿಲಲ್ಲಿ ನಿಂತು ನಕ್ಕು ನಕ್ಕು ಸಾಕಾಗಿ, ಆಮೇಲೆ ತಾನೂ ಬಂದು ಬಕೆಟ್ ಹಿಡಿದಳು.

ಅಂದಿನಿಂದ ನಮ್ಮ ಕೆಲಸದ ಕಾಲವೇ ಬದಲಾಯಿತು. ಮೊದಲು ನೂಲು ತೀರಿದಾಗೆಲ್ಲ ಬಣ್ಣ ಹಾಕುತ್ತಿದ್ದೆವು. ಈಗ ಯುಗಾದಿಯಿಂದ ಕಾರಹುಣ್ಣಿಮೆಯೊಳಗೆ ವರ್ಷದ ನೂಲಿಗೆಲ್ಲ ಬಣ್ಣ ಮುಗಿಸಿ ಕಟ್ಟಿಡುತ್ತೇವೆ, ಮಳೆಗಾಲವಿಡೀ ನೇಯುತ್ತೇವೆ. ಬೇರೆ ಮನೆಗಳಲ್ಲೂ ಹಾಗೆಯೇ. ಬಸವರಾಜ ನಮ್ಮ ಕಡೆ ಬಂದಾಗೆಲ್ಲ ಚಹಾಕ್ಕೆ ನಿಲ್ಲುತ್ತಿದ್ದ. ಆಪಾ ಮೊದಲು ಕೇಳುತ್ತಿದ್ದುದು, "ನಿನ್ನ ಮಂದಿ ಹೆಂಗದಾರೋ?" ಹುಳ ಎನ್ನುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು. ಮಂದಿ ಎನ್ನುತ್ತಿದ್ದಳು.

ಇನ್ನೊಂದು ಸಂಗತಿ ಆ ಬೇಸಿಗೆಯಲ್ಲಿ ಯಾರೂ ನಿರೀಕ್ಷಿಸದೆ ಆಯಿತು. ಹಳದಿ ಉಳಿದ ನೀರಿನಲ್ಲಿ ಹಾಕಿದ ಕೆಂಪು ಹೊಸ ನೀರಿನ ಕೆಂಪಿನ ಹಾಗಿರಲಿಲ್ಲ. ಅಮ್ಮ ಹೇಳಿದಂತೆ ಕೊಳಕಾಗಲೂ ಇಲ್ಲ. ಒಣಮೆಣಸಿನಕಾಯಿಯನ್ನು ಬಿಸಿಲಿಗೆ ಹಿಡಿದರೆ ಒಳಗಿನಿಂದ ಒಂದು ಬಣ್ಣ ಕಾಣುತ್ತದಲ್ಲ, ಹಾಗೆ ಬಂತು. ಜಮಖಾನ ಕೊಳ್ಳಲು ಬಂದವರು ಅದನ್ನೇ ಕೈಯಿಂದ ಸವರುತ್ತಿದ್ದರು. ಹಿಂದಿನ ಓಣಿಯ ಆಕೆ ಒಂದು ದಿನ ಲಡಿ ತಂದು ನಮ್ಮ ಲಡಿಯ ಪಕ್ಕ ಹಿಡಿದು ನೋಡಿ, "ನನಗ ಯಾಕ ಬರವಲ್ದು?" ಎಂದು ಆಪಾಳನ್ನೇ ಕೇಳಿದಳು. ಆಪಾ ಅವಳನ್ನು ಹಂಡೆಯ ಬಳಿ ಕರೆದುಕೊಂಡು ಹೋಗಿ ತೋರಿಸಿದಳು. ಆದರೂ ಅವಳಿಗೆ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಆಪಾ ತೀರಿಕೊಂಡಳು. ಬೆಳಿಗ್ಗೆ ಎದೆ ಹಿಡಿದಂತಾಗುತ್ತದೆ ಎಂದಳು, ಹುಬ್ಬಳ್ಳಿಗೆ ಒಯ್ಯುವಾಗ ದಾರಿಯಲ್ಲೇ ಹೋದಳು. ಬಸವರಾಜ ಮಣ್ಣಿಗೆ ಬಂದಿದ್ದ, ದೂರ ನಿಂತಿದ್ದನೆಂದು ಆಮೇಲೆ ಯಾರೋ ಹೇಳಿದರು. ಮನೆಗೆ ಬಂದದ್ದು ನಲವತ್ತನೆಯ ದಿನ ಕಳೆದ ಮೇಲೆ. ಚಹಾ ಕೊಟ್ಟೆ. ಲೋಟ ಕೆಳಗಿಡುವಾಗ, "ಮಂದಿ ಆರಾಮ ಅದಾರ್ರಿ," ಎಂದು ತಾನಾಗಿ ಹೇಳಿ ಎದ್ದು ಹೋದ.

ಈ ಯುಗಾದಿಗೆ ನಾನೇ ಒಲೆ ಹಚ್ಚಿದೆ. ಯಾವುದರ ಮೇಲೆ ಯಾವುದು ಎಂಬುದು ನನಗೆ ಗೊತ್ತು, ಬಣ್ಣ ಹಿಡಿಸುವ ಉಪ್ಪು ಎಷ್ಟು ಎಂಬುದೂ ಗೊತ್ತು. ತಿಳಿ ಹಳದಿ ಬಂತು, ಗಾಢ ಹಳದಿ ಬಂತು. ಹಳದಿ ಎಷ್ಟು ಉಳಿದಾಗ ಕೆಂಪು ಹಾಕಬೇಕು ಎಂದು ಒಮ್ಮೆ ಕೇಳಿದ್ದೆ. "ನೀರಿನ ಮಾರಿ ನೋಡು, ತಿಳೀತೈತಿ," ಎಂದಿದ್ದಳು. ಮುಂದೆ ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ. ಈ ಬೇಸಿಗೆಯಲ್ಲಿ ಏಳು ಪಾಳಿ ಆ ನೀರಿನ ಮುಖ ನೋಡಿದೆ. ಮೂರು ಸಲ ಇಟ್ಟಿಗೆಯ ಬಣ್ಣವಾಯಿತು, ಉಳಿದ ಸಲ ಬರೀ ಕೆಂಪಾಯಿತು. ಹಿಂದಿನ ಓಣಿಯವಳೂ ಬಂದು ಬಗ್ಗಿ ನೋಡಿದಳು, ಅವಳಿಗೂ ತಿಳಿಯಲಿಲ್ಲ.

ನಾಡದು ಕಾರಹುಣ್ಣಿಮೆ. ವರ್ಷದ ನೂಲು ಬಣ್ಣವಾಗಿ ಕಟ್ಟಿಟ್ಟಿದ್ದೇನೆ. ಅದರಲ್ಲಿ ಆಪಾಳ ಕೆಂಪು ಇಲ್ಲ.